ಎಡಗೈ ಕತ್ತರಿ

ದೊಡ್ಡವಳಿಗೆ ಚಿಕ್ಕವಳನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ತೊಟ್ಟಿಲಲ್ಲಿದ್ದ ತಂಗಿಯನ್ನು ನೋಡಲು ಬಂದ ಹೆಂಗಸರೆಲ್ಲ ತಾಯಿಯ ಮೂಗನ್ನೇ ತಂದು ಅಂಟಿಸಿದ ಹಾಗಿದೆ ಎಂದು ಮುದ್ದಾಡಿದರು. ಪಕ್ಕದಲ್ಲಿ ನಿಂತಿದ್ದ ದೊಡ್ಡವಳ ಕೆನ್ನೆ ತಟ್ಟಿ, "ಇವಳು ಯಾರ ಹಾಗೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಹೋದರು. ಅವತ್ತು ಹೊತ್ತಿಕೊಂಡದ್ದು ಅವಳ ಹೊಟ್ಟೆಯಲ್ಲಿ ಇವತ್ತಿಗೂ ಆರಿಲ್ಲ.

ಮೂಗಾದರೆ ಹೋಗಲಿ ಎನ್ನಬಹುದಿತ್ತು. ಚಿಕ್ಕವಳು ಬೆಳೆಯುತ್ತ ಬೆಳೆಯುತ್ತ ಅಮ್ಮನ ದಟ್ಟ ಕೂದಲು, ಅಮ್ಮನ ನಗು, ಕೊನೆಗೆ ಅಮ್ಮನ ಎಡಗೈಯನ್ನೂ ಹೊತ್ತುಕೊಂಡು ಬಂದಳು. ಅವರ ಅಮ್ಮ ಹೊಲಿಗೆ ಅಂಗಡಿಯವಳು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಎರಡು ಗೀರು ಹಾಕಿ, ಎಡಗೈಯಲ್ಲಿ ಕತ್ತರಿ ಓಡಿಸಿದಳೆಂದರೆ ನೋಡುತ್ತ ನಿಂತವರಿಗೆ ಬಂದ ಕೆಲಸ ಮರೆತುಹೋಗುತ್ತಿತ್ತು. ಆ ಕತ್ತರಿ ಎಡಗೈಯವರಿಗೆಂದೇ ಹೇಳಿ ಮಾಡಿಸಿದ್ದು. ಅದರ ಅಲಗುಗಳೇ ತಿರುವುಮುರುವು. ಮಕ್ಕಳಿಬ್ಬರನ್ನೂ ಕೆಲಸಕ್ಕೆ ಹಚ್ಚುವಾಗ ಅಮ್ಮ ಹೆಚ್ಚು ಯೋಚಿಸಲಿಲ್ಲ. ಎಡಚಿ ಚಿಕ್ಕವಳನ್ನು ಕತ್ತರಿಸುವ ಮೇಜಿಗೆ ನಿಲ್ಲಿಸಿದಳು, ದೊಡ್ಡವಳನ್ನು ಹೊಲಿಗೆ ಮಿಷನ್ನಿನ ಮುಂದೆ ಕೂರಿಸಿದಳು.

ಹೊಲಿಗೆ ಅಂಗಡಿಯ ಒಳಗುಟ್ಟು ತಿಳಿದವರಿಗೆ ಇದು ಎಂಥ ಪೆಟ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಕತ್ತರಿಸುವವಳು ಯಜಮಾನಿ. ಗಿರಾಕಿ ಮಾತಾಡುವುದು ಅವಳ ಹತ್ತಿರ, ಹೊಗಳುವುದು ಅವಳನ್ನು. ಹೊಲಿಯುವವಳು ಗೋಡೆಯ ಕಡೆ ಮುಖ ಮಾಡಿಕೊಂಡು ಪೆಡಲ್ ತುಳಿಯುತ್ತಾಳೆ. ಅಮ್ಮ ಹಾಸಿಗೆ ಹಿಡಿದಾಗ ಕತ್ತರಿಯನ್ನು ಚಿಕ್ಕವಳ ಕೈಯಲ್ಲಿಟ್ಟಳು. "ಇದು ನಿನ್ನ ಕೈಗೇ ಕೂರೋದು" ಎಂದಳು, ಅಷ್ಟೇ. ದೊಡ್ಡವಳಿಗೆ ಏನೂ ಕೊಡಲಿಲ್ಲವೆಂದಲ್ಲ, ಇಡೀ ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟಳು. ಆದರೆ ಬೀಗದ ಕೈಯನ್ನು ಯಾರಾದರೂ ಹೊಗಳುತ್ತಾರೆಯೇ?

ಅಮ್ಮ ಹೋದಮೇಲೆ ದೊಡ್ಡವಳು ಗುಟ್ಟಾಗಿ ಒಂದು ಕೆಲಸ ಮಾಡುತ್ತಿದ್ದಳು. ಚಿಕ್ಕವಳು ಮಧ್ಯಾಹ್ನ ಊಟಕ್ಕೆ ಹೋದಾಗ ಆ ಕತ್ತರಿಯನ್ನು ಎತ್ತಿಕೊಂಡು ಚೂರು ಬಟ್ಟೆ ಕತ್ತರಿಸಲು ನೋಡುತ್ತಿದ್ದಳು. ಬಲಗೈಯಲ್ಲಿ ಹಿಡಿದರೆ ಅಲಗುಗಳು ಒಂದಕ್ಕೊಂದು ಮುಖ ಕೊಡದೆ ದೂರ ಸರಿಯುತ್ತಿದ್ದವು. ಬಟ್ಟೆ ಕತ್ತರಿಸುವ ಬದಲು ನಡುವೆ ಮಡಚಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಎಡಗೈಯಲ್ಲಿ ಹಿಡಿದರೆ ಕೈಯೇ ಅವಳ ಮಾತು ಕೇಳುತ್ತಿರಲಿಲ್ಲ. ಕರು ಅಗಿದು ಬಿಟ್ಟಂತಾದ ಆ ಚೂರುಗಳನ್ನು ಚಿಂದಿಯ ಚೀಲದ ತಳಕ್ಕೆ ತುರುಕಿ, ಏನೂ ಆಗದವಳಂತೆ ಮಿಷನ್ನಿನ ಮುಂದೆ ಕೂರುತ್ತಿದ್ದಳು. ತನಗೆ ಮಗಳು ಹುಟ್ಟಿ, ಬೆಳೆದು, ಅವಳೂ ಎಡಚಿಯೇ ಎಂದು ಗೊತ್ತಾದ ದಿನ ದೊಡ್ಡವಳು ಕುಣಿದಾಡಿದಳು. ಅಮ್ಮ ತನ್ನ ಮೂಲಕವೂ ಬಂದಳಲ್ಲ ಎಂದು. ಆ ಮಗಳೋ ಕತ್ತರಿ ಹಿಡಿಯುವುದನ್ನು ಕಲಿಯಲು ಚಿಕ್ಕಮ್ಮನ ಬೆನ್ನು ಬಿದ್ದಳು. ಈಗ ಮದುವೆಯಾಗಿ ಎರಡು ಬೀದಿ ಆಚೆ ಮನೆ ಮಾಡಿಕೊಂಡಿದ್ದರೂ ಹಗಲೆಲ್ಲ ಅಂಗಡಿಯಲ್ಲಿ ಚಿಕ್ಕಮ್ಮನ ಪಕ್ಕದಲ್ಲೇ.

ಅಮ್ಮನನ್ನು ತೆಗೆದುಕೊಂಡು ಹೋದದ್ದು ಕ್ಯಾನ್ಸರ್. ಮೊದಲು ಎದೆಯ ಒಂದು ಕಡೆ ಬಂದು, ವಾಸಿಯಾಯಿತೆಂದು ಎಲ್ಲರೂ ಉಸಿರುಬಿಟ್ಟ ಮೇಲೆ, ಅಂಡಾಶಯದಲ್ಲಿ ಬೇರೆಯದೇ ಹುಟ್ಟಿಕೊಂಡಿತು. ಎದೆಯ ಕ್ಯಾನ್ಸರ್ ದೊಡ್ಡವಳಿಗೂ ಬಂದಾಗ ಮನೆಯವರೆಲ್ಲ ತಲೆಯ ಮೇಲೆ ಕೈ ಹೊತ್ತು ಕೂತರು. ದೊಡ್ಡವಳೂ ಅತ್ತಳು, ಹೆದರಿದಳು, ಸಾಯುವ ಮಾತಾಡಿದಳು. ಆದರೆ ಆ ಹೆದರಿಕೆಯ ಒಳಗೆ, ಯಾರಿಗೂ ತೋರಿಸಬಾರದ ಒಂದು ಮೂಲೆಯಲ್ಲಿ, ಅವಳಿಗೆ ಹೆಮ್ಮೆಯಾಗಿತ್ತು. ನೆಂಟರು ಬಂದು "ಥೇಟ್ ತಾಯಿಯ ಹಾಗೇ ಆಯ್ತಲ್ಲ" ಎಂದು ಲೊಚಗುಟ್ಟಿದಾಗ ಅವಳ ಕಿವಿ ನಿಮಿರುತ್ತಿತ್ತು. ಹುಟ್ಟಿದಾಗಿನಿಂದ ಕಾದ ಮಾತು ಕೊನೆಗೆ ಆಸ್ಪತ್ರೆಯ ಮಂಚದ ಮೇಲೆ ಸಿಕ್ಕಿತು. ಹುಚ್ಚು ಎನ್ನುವವರು ಎನ್ನಲಿ. ಹೊಟ್ಟೆಕಿಚ್ಚಿಗೆ ಬುದ್ಧಿಯಿದ್ದಿದ್ದರೆ ಅದನ್ನು ಹೊಟ್ಟೆಕಿಚ್ಚು ಎಂದು ಯಾರೂ ಕರೆಯುತ್ತಿರಲಿಲ್ಲ.

ಆಪರೇಷನ್ ಆಯಿತು, ಔಷಧಿ ಆಯಿತು, ವರ್ಷಗಳು ಉರುಳಿದವು, ದೊಡ್ಡವಳು ಗಟ್ಟಿಯಾದಳು. ಆಮೇಲೆ ಚಿಕ್ಕವಳಿಗೂ ಬಂತು.

ಆ ಸುದ್ದಿ ಕೇಳಿದಾಗ ದೊಡ್ಡವಳು ತಂಗಿಯ ಕೈ ಹಿಡಿದು ಕೂತಳು, ಗಂಜಿ ಕಾಯಿಸಿ ಹೊತ್ತೊಯ್ದಳು, ಎಲ್ಲ ಸರಿ. ಆದರೂ ಮನಸ್ಸಿನ ತಳದಲ್ಲಿ 'ಇದಕ್ಕೂ ಬಂದಳಲ್ಲ ಪಾಲು ಕೇಳಿಕೊಂಡು' ಎಂದು ಏನೋ ಗೊಣಗಿತು. ಒಂದು ಕಡೆಯ ಎದೆ ತೆಗೆದ ಮೇಲೆ ಕೊಟ್ಟ ಔಷಧಿಗೆ ಉದುರಿದ ಚಿಕ್ಕವಳ ಕೂದಲು ಮತ್ತೆ ಬಂದಾಗ ಸುರುಳಿ ಸುರುಳಿಯಾಗಿ, ಚೆಂದವಾಗಿ ಬಂತು. ದೊಡ್ಡವಳಿಗೆ ಬಂದದ್ದು ಪೊರಕೆ ಕಡ್ಡಿ. ಕನ್ನಡಿಯಲ್ಲಿ ಎರಡು ತಲೆಗಳನ್ನೂ ನೋಡಿ ಅವಳು, ಈ ದರಿದ್ರ ರೋಗಕ್ಕೂ ಪಕ್ಷಪಾತವಿದೆ ಎಂದುಕೊಂಡಳು.

ಚಿಕ್ಕವಳಿಗೆ ಬಂದದ್ದು ಸಾಮಾನ್ಯವಾಗಿ ಬರುವುದಕ್ಕಿಂತ ಚಿಕ್ಕ ವಯಸ್ಸಿನಲ್ಲಾದ್ದರಿಂದ ಡಾಕ್ಟರು ರಕ್ತ ತೆಗೆದು ವಂಶವಾಹಿಯ ಪರೀಕ್ಷೆ ಮಾಡಿಸಿದರು. ಅಮ್ಮನಿಂದ ಇಳಿದುಬಂದಿರಬಹುದಾದ ಒಂದು ದೋಷ ಸಿಕ್ಕಿತು. ಆ ದೋಷ ಇದ್ದವರಿಗೆ ಒಂದು ಸಲ ವಾಸಿಯಾದರೂ ಇನ್ನೊಂದು ಎದೆಯಲ್ಲಿ, ಅಂಡಾಶಯದಲ್ಲಿ ಮತ್ತೆ ಹೊಸದಾಗಿ ಹುಟ್ಟುವ ಅಪಾಯ ಬಹಳ ಹೆಚ್ಚು, ಬರುವ ಮೊದಲೇ ತೆಗೆಸಿಬಿಡುವುದನ್ನು ಯೋಚಿಸಿ ಎಂದರು. ಅಕ್ಕನೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದೂ ಹೇಳಿಕಳಿಸಿದರು.

ದೊಡ್ಡವಳೂ ರಕ್ತ ಕೊಟ್ಟು ಬಂದಳು. ಅದರ ಫಲ ಬರುವ ಮೊದಲೇ ಅಕ್ಕತಂಗಿಯರಿಬ್ಬರೂ ತೀರ್ಪು ಕೊಟ್ಟುಕೊಂಡಿದ್ದರು. ಅವರ ಅಂಗಡಿಯಲ್ಲಿ ಜೋಡಿ ತೋಳನ್ನು ಬಿಡಿಬಿಡಿಯಾಗಿ ಕತ್ತರಿಸುವ ರೂಢಿಯಿಲ್ಲ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಒಂದೇ ಏಟಿಗೆ ಕತ್ತರಿಸುತ್ತಾರೆ. ಮೇಲಿನ ಮಡಿಕೆಯಲ್ಲಿ ಕತ್ತರಿ ಜಾರಿದರೆ ಕೆಳಗಿನದರಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಅಮ್ಮನೂ ತಮ್ಮನ್ನು ಹಾಗೇ ಕತ್ತರಿಸಿದ್ದಾಳೆ ಎಂಬುದರಲ್ಲಿ ಇಬ್ಬರಿಗೂ ಎಳ್ಳಷ್ಟೂ ಅನುಮಾನವಿರಲಿಲ್ಲ. "ಇಬ್ಬರೂ ಒಟ್ಟಿಗೇ ಹೋಗಿ ಮಲಗೋಣ ಅಕ್ಕ, ಜೋಡಿ ಗಿರಾಕಿ ಅಂತ ಡಾಕ್ಟರು ಏನಾದ್ರೂ ರಿಯಾಯಿತಿ ಕೊಡಬಹುದು" ಎಂದು ಚಿಕ್ಕವಳು ನಗಿಸಿದ್ದಳು. ಒಬ್ಬಳೇ ಆಪರೇಷನ್ ಮೇಜಿನ ಮೇಲೆ ಮಲಗಲು ಮಾತ್ರ ಅವಳಿಗೆ ಧೈರ್ಯವಿರಲಿಲ್ಲ.

ಫಲ ಕೇಳಲು ದೊಡ್ಡವಳು ಒಬ್ಬಳೇ ಹೋದಳು. ಡಾಕ್ಟರಮ್ಮ ನಗುನಗುತ್ತ ಕುರ್ಚಿ ಎಳೆದುಕೊಟ್ಟರು.

"ಒಳ್ಳೆ ಸುದ್ದಿ ಇದೆ. ನಿಮ್ಮ ತಂಗಿಗಿರೋ ದೋಷ ನಿಮಗಿಲ್ಲ."

"ಇಲ್ಲ ಅಂದ್ರೆ?"

"ಇಲ್ಲ. ನಿಮ್ಮ ತಾಯಿ ಹತ್ರ ಆ ವಂಶವಾಹಿಯ ಜೋಡಿಯಲ್ಲಿ ಒಂದು ಸರಿಯಾದದ್ದು, ಒಂದು ದೋಷದ್ದು ಇತ್ತು ಅಂತ ಕಾಣುತ್ತೆ. ಒಂದೊಂದು ಮಗುವಿಗೆ ಅದರಲ್ಲಿ ಒಂದು ಹೋಗುತ್ತೆ, ಯಾವುದಾದ್ರೂ ಹೋಗಬಹುದು. ನಿಮಗೆ ಸರಿಯಾದದ್ದು ಬಂದಿದೆ. ನಿಮ್ಮಲ್ಲೇ ಇಲ್ಲದ್ದು ನಿಮ್ಮಿಂದ ಮಗಳಿಗೆ ಹೋಗೋಕೂ ಆಗಲ್ಲ."

"ಮತ್ತೆ ನನಗೆ ಕ್ಯಾನ್ಸರ್ ಬಂತಲ್ಲ?"

"ಬಂತು. ಬಹಳ ಜನಕ್ಕೆ ಯಾವ ದೋಷ ಇಲ್ಲದೆನೂ ಬರುತ್ತೆ. ನಿಮಗೆ ಯಾಕೆ ಬಂತು ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ತಪಾಸಣೆ ಮಾತ್ರ ತಪ್ಪಿಸಬೇಡಿ. ಆದರೆ ತಂಗಿಗೆ ಹೇಳಿದ ಆಪರೇಷನ್ ನಿಮಗೆ ಬೇಕಿಲ್ಲ."

ಬೇರೆ ಯಾರೇ ಆಗಿದ್ದರೂ ಆ ಕೋಣೆಯಿಂದ ಕೈಮುಗಿದು ಹೊರಬರುತ್ತಿದ್ದರು. ದೊಡ್ಡವಳು ಆಸ್ಪತ್ರೆಯ ಮೆಟ್ಟಿಲಿಳಿದು, ಹೊರಗಿನ ಬೆಂಚಿನ ಮೇಲೆ ಕೂತು, ಹಲ್ಲು ಕಚ್ಚಿಕೊಂಡು ಅತ್ತಳು. ಮೂಗು ಕೊಡಲಿಲ್ಲ, ಕೂದಲು ಕೊಡಲಿಲ್ಲ, ಕತ್ತರಿ ಕೊಡಲಿಲ್ಲ. ಕೊನೆಗೆ ರೋಗದಲ್ಲೂ ಅಮ್ಮ ತನ್ನದನ್ನು ಚಿಕ್ಕವಳಿಗೇ ಕೊಟ್ಟು ಹೋಗಿದ್ದಳು. ಇಷ್ಟು ವರ್ಷ ತನ್ನ ಎದೆಯ ಮೇಲಿನ ಆಪರೇಷನ್ನಿನ ಗೆರೆಯನ್ನು ಅಮ್ಮ ಬರೆದ ಗೆರೆ ಎಂದು ನಂಬಿದ್ದಳು. ಅದು ಬೀದಿಯಲ್ಲಿ ಹೋಗುವ ಯಾರಿಗಾದರೂ ಬರಬಹುದಾಗಿದ್ದ ಕಾಯಿಲೆ. ತಾಯಿಯ ಕಡೆಯಿಂದ ಬಂದದ್ದಲ್ಲ, ಎಲ್ಲಿಂದಲೋ ಬಂದದ್ದು.

ಅಂಗಡಿಗೆ ಬಂದಾಗ ಚಿಕ್ಕವಳು ಕತ್ತರಿಯನ್ನು ಅರ್ಧ ಬಟ್ಟೆಯಲ್ಲಿ ನಿಲ್ಲಿಸಿ ಕಾಯುತ್ತಿದ್ದಳು. ಮುಖದಲ್ಲಿ ಒಂದು ತೊಟ್ಟು ರಕ್ತವಿರಲಿಲ್ಲ.

"ಏನಂದ್ರು ಅಕ್ಕ?"

"ನಿನಗೆ ಹೇಳಿದ್ದನ್ನೇ ಹೇಳಿದ್ರು" ಎಂದಳು ದೊಡ್ಡವಳು.

ಬಾಯಿಂದ ಅದು ಬಂದೇಬಿಟ್ಟಿತು. ನಾಲಿಗೆ ಕಚ್ಚಿಕೊಳ್ಳುವ ಮೊದಲೇ ಚಿಕ್ಕವಳು ಮೇಜು ಸುತ್ತಿ ಬಂದು ಅಕ್ಕನನ್ನು ತಬ್ಬಿಕೊಂಡಳು. ಅವರಿಬ್ಬರೂ ತಬ್ಬಿಕೊಂಡು ಎಷ್ಟು ಕಾಲವಾಗಿತ್ತೋ. "ನಾನು ಕೆಟ್ಟವಳು ಕಣೆ ಅಕ್ಕ, ನಿನಗೂ ಇರಲಿ ಅಂತ ಒಳಗೊಳಗೇ ಬೇಡಿಕೊಳ್ತಿದ್ದೆ" ಎಂದು ಭುಜದ ಮೇಲೆ ಬಿಕ್ಕಿದಳು. ದೊಡ್ಡವಳು ಅವಳ ಸುರುಳಿ ಕೂದಲನ್ನು ನೇವರಿಸಿದಳು. ಹೊಟ್ಟೆಯೊಳಗೆ ಎಂದೂ ಆರದ ಕಿಚ್ಚು ಆ ಹೊತ್ತು ತಣ್ಣಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆಗಳು ಒಂದರ ಹಿಂದೊಂದು ಬಂದು ಹೋದವು. ಚಿಕ್ಕವಳು ಮಿಷನ್ನಿನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು ಚಹಾ ಕುಡಿಯತೊಡಗಿದಳು. ಗಿರಾಕಿಗಳ ಮುಂದೆ "ನಮ್ಮಕ್ಕ ಮತ್ತು ನಾನು" ಎಂದು ಶುರುಮಾಡದೆ ಒಂದು ಮಾತೂ ಆಡುತ್ತಿರಲಿಲ್ಲ. ಆಪರೇಷನ್ನಿಗೆ ದಿನ ಕೇಳಿಯೂ ಬಂದಳು. "ನನಗೆ ಮೊದಲು, ನಿನಗೆ ಆಮೇಲೆ. ಅಷ್ಟರಲ್ಲಿ ನಾನು ಎದ್ದು ಓಡಾಡ್ತಿರ್ತೀನಿ, ನಿನ್ನ ಸೇವೆ ಮಾಡ್ತೀನಿ" ಎಂದಳು. ದೊಡ್ಡವಳು ಹೂಂಗುಟ್ಟಿದಳು. ಇಂಥ ಸುಳ್ಳಿಗೆ ಆಯುಷ್ಯ ಕಡಿಮೆ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಬಾಯಿಗೆ ಸಿಹಿ ಬಿದ್ದಾಗ ಹಲ್ಲುನೋವಿನ ಚಿಂತೆ ಯಾರಿಗಿರುತ್ತದೆ?

ಚಿಕ್ಕಮ್ಮ ನಂಬಿದ ಸುಳ್ಳು ದೊಡ್ಡವಳ ಮಗಳ ಕಿವಿಗೂ ಬೀಳದೆ ಇರುತ್ತದೆಯೇ? ಅಂದಿನಿಂದ ಅವಳ ಕೈ ಕೆಟ್ಟಿತು. ದಪ್ಪ ಉಣ್ಣೆಯ ಒಂದು ಕೋಟಿನ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕತ್ತರಿಸುತ್ತ, ಗೆರೆ ಬಿಟ್ಟು ಒಳಕ್ಕೆ ಹೋದಳು. ಎರಡೂ ತೋಳು ಹಾಳಾದವು. ಹುಟ್ಟಿನಿಂದ ಒಂದು ಗೇಣು ಬಟ್ಟೆ ಕೆಡಿಸದ ಹುಡುಗಿ ಅದನ್ನು ನೋಡುತ್ತ ನಿಂತುಬಿಟ್ಟಳು. ಅಂಗಡಿಯಲ್ಲಿ ಆಗ ಮೂವರೇ ಇದ್ದರು. ದೊಡ್ಡವಳು ಮಿಷನ್ ನಿಲ್ಲಿಸಿದಳು.

"ಹೋಗ್ಲಿ ಬಿಡೆ. ಒಂದು ತುಂಡು ಸೇರಿಸಿ ಏನಾದ್ರೂ ಮಾಡೋಣ."

"ಅಮ್ಮ, ನಿನಗೆ ಒಂದು ಹೇಳಬೇಕು. ಚಿಕ್ಕಮ್ಮನಿಗೆ ಮೊನ್ನೆನೇ ಹೇಳಿದೆ."

ಆ ಗಳಿಗೆಯಲ್ಲೂ, ಮಗಳ ಮುಖ ಸುಣ್ಣದ ಹಾಗೆ ಬೆಳ್ಳಗಿರುವಾಗಲೂ, 'ಮೊದಲು ಚಿಕ್ಕಮ್ಮನಿಗೆ ಹೇಳಿದಳು' ಎಂಬುದೇ ದೊಡ್ಡವಳಿಗೆ ಚುಚ್ಚಿತು. ಅವಳ ಸ್ವಭಾವವೇ ಹಾಗೆ, ಏನು ಮಾಡುವುದು.

"ನಾವು ಮಗು ಬೇಡ ಅಂತ ಅಂದುಕೊಂಡಿದೀವಿ" ಎಂದಳು ಮಗಳು. "ಅಜ್ಜಿಯಿಂದ ನಿನಗೆ ಬಂತು. ನಾನು ನೋಡಿದ್ರೆ ಪೂರ್ತಿ ಅಜ್ಜಿನೇ, ಕೈ ಕೂಡ. ನನಗೆ ಬಂದೇ ಇರುತ್ತೆ. ಪರೀಕ್ಷೆ ಮಾಡಿಸೋಕೂ ಧೈರ್ಯ ಇಲ್ಲ. ಇದು ನನ್ನ ಹತ್ರನೇ ಮುಗೀಲಿ."

"ನಾನೂ ಎಷ್ಟೋ ಹೇಳಿ ನೋಡಿದೆ ಅಕ್ಕ" ಎಂದಳು ಚಿಕ್ಕವಳು ಮೆಲ್ಲಗೆ. "ಕೇಳ್ತಿಲ್ಲ."

ದೊಡ್ಡವಳ ಕಾಲು ಪೆಡಲಿನ ಮೇಲೆಯೇ ಇತ್ತು. ಈಗ ಬಾಯಿ ಬಿಟ್ಟರೆ ತಂಗಿಯ ಕುರ್ಚಿ ಮತ್ತೆ ಮೇಜಿನ ಆಚೆಗೆ ಹೋಗುತ್ತದೆ, ಅಮ್ಮನಲ್ಲಿ ಇದ್ದ ಒಂದೇ ಪಾಲೂ ಹೋಗುತ್ತದೆ. ಬಿಡದಿದ್ದರೆ ಹುಟ್ಟಬೇಕಾದ ಒಂದು ಮಗು ಹುಟ್ಟುವುದಿಲ್ಲ. ಇದರಲ್ಲಿ ತೂಗಿ ನೋಡಲು ಏನಿದೆ ಎಂದು ನೀವು ಕೇಳಬಹುದು. ತೂಗಿ ನೋಡಿದಳು ಎನ್ನುವುದೇ ಅವಳ ಪಾಪ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅವಳು ತೂಗಿ ನೋಡಿದಳು.

"ನನಗಿಲ್ಲ" ಎಂದಳು.

"ಏನಿಲ್ಲ?"

"ಆ ದೋಷ. ನನಗೆ ಬಂದಿಲ್ಲ. ನಿನಗೆ ಬರೋಕೆ ದಾರಿನೇ ಇಲ್ಲ ಅಂತ ಡಾಕ್ಟರಮ್ಮ ಅವತ್ತೇ ಹೇಳಿದ್ರು. ನಾನು ಸುಳ್ಳು ಹೇಳಿದೆ."

ಮಗಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಯಾಕೆ?" ಎಂದು ಕೇಳಿದಳು. ಮೂಗಿನ ಕಥೆ, ಕೂದಲಿನ ಕಥೆ, ಕತ್ತರಿಯ ಕಥೆ ಎಲ್ಲ ದೊಡ್ಡವಳ ನಾಲಿಗೆಯ ತುದಿಗೆ ಬಂದು, ಸಣ್ಣ ಮಕ್ಕಳ ಜಗಳದ ಹಾಗೆ ಕಂಡವು. ಮಗಳು ಕಾಯಲಿಲ್ಲ. ಬಾಗಿಲು ದೂಡಿಕೊಂಡು ಹೊರಗೆ ಹೋದಳು. ಗಾಜಿನಾಚೆ ಕಾಲುದಾರಿಯ ಮೇಲೆ ನಿಂತು ಗಂಡನಿಗೆ ಫೋನು ಮಾಡಿದಳು. ಮಾತು ಕೇಳಿಸುತ್ತಿರಲಿಲ್ಲ. ಒಂದು ಕೈಯಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಬೈಯುತ್ತ, ಮತ್ತೆ ಅಳುತ್ತ ನಿಂತಿದ್ದಳು. ನಡುವೆ ಒಮ್ಮೆ ಆ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು.

ಒಳಗೆ ಅಕ್ಕತಂಗಿಯರಿಬ್ಬರೇ ಉಳಿದರು. ಚಿಕ್ಕವಳು ಗಾಜಿನಾಚೆ ನೋಡುತ್ತಲೇ ಇದ್ದಳು. ಅವಳಿಗೂ ಒಬ್ಬಳು ಮಗಳಿದ್ದಾಳೆ, ಇನ್ನೂ ಶಾಲೆಗೆ ಹೋಗುವ ಪುಟ್ಟಿ. ಪುಟ್ಟಿಗೆ ಸರಿಯಾದದ್ದು ಬಂದಿದೆಯೋ ದೋಷದ್ದೋ, ಅವಳು ವಯಸ್ಕಳಾಗುವ ತನಕ ಯಾರೂ ಪರೀಕ್ಷಿಸಿ ಹೇಳುವುದಿಲ್ಲ.

"ಅಂದ್ರೆ ನಾನೊಬ್ಬಳೇ" ಎಂದಳು ಚಿಕ್ಕವಳು.

"ಆಪರೇಷನ್ ಬಿಡಬೇಡ ಕಣೆ. ನನ್ನ ಮೇಲಿನ ಸಿಟ್ಟಿಗೆ ಬಿಡಬೇಡ."

"ಬಿಡಲ್ಲ. ಪುಟ್ಟಿ ಇದ್ದಾಳಲ್ಲ." ಚಿಕ್ಕವಳು ಅಮ್ಮನ ಕತ್ತರಿಯನ್ನು ಎತ್ತಿ, ಹಿಡಿಯನ್ನು ಅಕ್ಕನ ಕಡೆಗೆ ತಿರುಗಿಸಿ, ಮೇಜಿನ ಮೇಲೆ ಜಾರಿಸಿದಳು. "ತಗೋ. ಅಮ್ಮಂದು ಏನಾದ್ರೂ ಬೇಕಿತ್ತಲ್ಲ ನಿನಗೆ."

"ಅದು ನನ್ನ ಕೈಗೆ ಕೂರಲ್ಲ."

"ಗೊತ್ತು. ಚಿಂದಿ ಚೀಲ ಖಾಲಿ ಮಾಡ್ತಿದ್ದದ್ದು ಯಾರು ಅಂದ್ಕೊಂಡಿದ್ದೆ? ತಳದಲ್ಲಿ ಅಗಿದು ಹಾಕಿದ ಚೂರು ಎಷ್ಟು ಸಿಗ್ತಿದ್ವು. ಅಕ್ಕನಿಗೆ ಮುಜುಗರ ಆಗಬಾರದು ಅಂತ ಸುಮ್ಮನಿದ್ದೆ. ಇಷ್ಟು ವರ್ಷ ಸುಮ್ಮನಿದ್ದೆ."

ದೊಡ್ಡವಳಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು. ಚಿಕ್ಕವಳು ಬಿಡಲಿಲ್ಲ. ಅವಳ ದನಿ ಏರಲೂ ಇಲ್ಲ.

"ನನ್ನ ನೋಡಿ ಹೊಟ್ಟೆ ಉರ್ಕೊಳ್ಳೋದು ನಿನಗೆ ಅಭ್ಯಾಸ. ನನಗೆ ಆ ಅಭ್ಯಾಸ ಇರಲಿಲ್ಲ. ಈಗ ಶುರುವಾಗಿದೆ ಅಕ್ಕ. ಹೊರಗೆ ನಿಂತು ನಗ್ತಿರೋ ನಿನ್ನ ಮಗಳನ್ನ ನೋಡಿದ್ರೆ ಇಲ್ಲಿ ಉರೀತಿದೆ. ನಾನು ಎತ್ತಿ ಆಡಿಸಿದ ಹುಡುಗಿ ಅವಳು. ಇನ್ನು ಆ ಕಣ್ಣಲ್ಲಿ ನೋಡೋ ಸರದಿ ನನ್ನದು. ನೀನು ನೋಡಿಸಿಕೊ."

ಹಾಳಾದ ತೋಳುಗಳನ್ನು ದೊಡ್ಡವಳು ಮಡಚಿಟ್ಟಳು. ಕೆಲಸವಂತೂ ಇತ್ತು. ಆಪರೇಷನ್ ಆದವಳಿಗೆ ಕೈ ಮೇಲಕ್ಕೆ ಎತ್ತಲಾಗುವುದಿಲ್ಲ, ಮುಂದೆ ಬಿಚ್ಚುವ, ಎಲ್ಲೂ ಒತ್ತದ ಮೆತ್ತನೆಯ ಅಂಗಿ ಬೇಕು. ಆಪರೇಷನ್ನಿಗೆ ಮುಂಚೆಯೇ ಹೊಲಿದಿಡಬೇಕು. ತನ್ನ ಮೈಯ ಅಳತೆಯನ್ನು ತಾನೇ ತೆಗೆದುಕೊಳ್ಳಬಾರದು, ಬಗ್ಗಿದರೆ ಅಳತೆ ಸುಳ್ಳಾಗುತ್ತದೆ ಎಂಬುದು ಅಮ್ಮನ ಕಾಲದಿಂದ ಬಂದ ಕಟ್ಟಳೆ. ದೊಡ್ಡವಳು ಎದ್ದು ಗೂಟದಿಂದ ಟೇಪು ತೆಗೆದುಕೊಂಡಳು. ತನ್ನ ಡ್ರಾಯರಿನಿಂದ, ದಾರ ಕತ್ತರಿಸಲು ಇಟ್ಟುಕೊಂಡಿದ್ದ ಸಾದಾ ಬಲಗೈ ಕತ್ತರಿಯನ್ನು ಹೊರಗಿಟ್ಟಳು.

"ನಾನೇ ಕತ್ತರಿಸ್ತೀನಿ. ನಿನ್ನಷ್ಟು ಚೆನ್ನಾಗಿ ಬರಲ್ಲ. ಬಾ, ನಿಂತ್ಕೊ."

ಚಿಕ್ಕವಳು ಬರುವುದಿಲ್ಲವೇನೋ ಎನಿಸಿತು. ಬಂದಳು. ಕನ್ನಡಿಯ ಮುಂದೆ ನಿಂತು ಕೈಗಳನ್ನು ಬದಿಗೆ ಚಾಚಿದಳು. ದೊಡ್ಡವಳು ಟೇಪನ್ನು ಬೆನ್ನಿನ ಹಿಂದಿನಿಂದ ತಂದು, ಒಂದು ಕಡೆಯ ಗೆರೆಯ ಮೇಲೆ, ಇನ್ನೊಂದು ಕಡೆಯ ಉಳಿದ ಎದೆಯ ಮೇಲೆ ಹಗುರವಾಗಿ ಕೂಡಿಸಿ ತಲೆಯೆತ್ತಿದಳು. ಕನ್ನಡಿಯಲ್ಲಿ ತಂಗಿ ಅವಳನ್ನೇ ನೋಡುತ್ತಿದ್ದಳು. ಆ ನೋಟ ದೊಡ್ಡವಳಿಗೆ ಚೆನ್ನಾಗಿ ಗೊತ್ತಿತ್ತು, ಇದೇ ಕನ್ನಡಿಯಲ್ಲಿ ಇಷ್ಟು ವರ್ಷ ತನ್ನ ಮುಖದ ಮೇಲೆ ಕಂಡದ್ದು. ತಂಗಿ ಒಂದು ಸಲವಾದರೂ ತನ್ನನ್ನು ಹೀಗೆ ನೋಡಲಿ ಎಂದು ಅವಳು ಎಷ್ಟು ಹಂಬಲಿಸಿದ್ದಳು. ಈಗ ಆ ಕಣ್ಣುಗಳ ಎದುರು ನಿಲ್ಲಲು ಅವಳಿಗೆ ಆಗಲಿಲ್ಲ.

ಬಗ್ಗಿ ಟೇಪು ನೋಡಿದಳು. ಅಂಕಿಗಳೆಲ್ಲ ಕಲಸಿಹೋಗಿದ್ದವು.

"ಅಳತೆ ತಪ್ಪಿತು" ಎಂದಳು. "ಇನ್ನೊಂದ್ಸಲ ಹಿಡೀತೀನಿ, ಕೈ ಇಳಿಸಬೇಡ."